ಮಂಡಿ ನೋವಿನವರಿಗೆ, ವಯಸ್ಸಾದವರಿಗೆ ಕುರ್ಚಿ ಯೋಗ: ಕುವೆಂಪುನಗರದ ನಮ್ಮ ಕ್ಲಾಸು ಹೇಗಿದೆ?

ಯೋಗದ ಕ್ಲಾಸಿಗೆ ಮೈಸೂರಿನಲ್ಲಿ ಬರವಿಲ್ಲ. ಗೋಕುಲಂ ಕಡೆ ಹೋದರೆ ರಸ್ತೆಗೊಂದು ಯೋಗಶಾಲೆ ಕಾಣುತ್ತದೆ. ಬೆಳಗಿನ ಜಾವಕ್ಕೇ ವಿದೇಶದವರು ಮ್ಯಾಟ್ ಹೆಗಲಿಗೆ ಹಾಕಿಕೊಂಡು ಹೊರಟಿರುತ್ತಾರೆ. ಆದರೆ ನೆಲಕ್ಕೆ ಕೂತರೆ ಏಳುವುದಕ್ಕೆ ಇನ್ನೊಬ್ಬರ ಕೈ ಬೇಕು ಅನ್ನುವವರಿಗೆ ಕಲಿಸುವ ಜಾಗ ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ ಕಷ್ಟ. ನಾನು ಮತ್ತು ನಮ್ಮತ್ತೆ ಹೋದ ಬೇಸಿಗೆಯಿಂದ ಕುವೆಂಪುನಗರದ ಒಂದು ಕುರ್ಚಿ ಯೋಗದ ಕ್ಲಾಸಿಗೆ ಹೋಗುತ್ತಿದ್ದೇವೆ. ಅದರ ಬಗ್ಗೆ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ. ಟೀಚರ್ ಹೆಸರು, ನಂಬರ್ ಹಾಕುತ್ತಿಲ್ಲ. "ಬೇಡಕ್ಕ, ಇರೋರಿಗೇ ಜಾಗ ಸಾಲ್ತಿಲ್ಲ" ಅಂದರು. ಪರವಾಗಿಲ್ಲ, ಇದನ್ನು ಓದಿಕೊಂಡು ಹೋದರೆ ನಿಮ್ಮ ಬಡಾವಣೆಯ ಕ್ಲಾಸು ಹೇಗಿದೆ ಅಂತ ನೀವೇ ನೋಡಿ ಹೇಳಬಹುದು.

ನನ್ನದು ಹೊಲಿಗೆ ಕೆಲಸ. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲೇ ಬ್ಲೌಸು, ಚೂಡಿದಾರ್, ಫಾಲ್ಸು, ಪಿಕೋ. ದಿನವೆಲ್ಲ ಕುತ್ತಿಗೆ ಬಗ್ಗಿಸಿ ಕೂತು ಭುಜ ಎರಡೂ ಕಲ್ಲಾಗಿದ್ದವು. ಮಷೀನು ತುಳಿದ ಬಲಗಾಲಿನ ಮಂಡಿ ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತಿತ್ತು. ಡಾಕ್ಟರು ಎಕ್ಸ್‌ರೇ ನೋಡಿ ಸವೆತ ಶುರುವಾಗಿದೆ, ನೆಲಕ್ಕೆ ಕೂರುವುದು ಬಿಡಿ, ಆದರೆ ಕಾಲಿಗೆ ಕೆಲಸ ಕೊಡುವುದು ಬಿಡಬೇಡಿ ಅಂದರು. ಅತ್ತೆಗೆ ಎಂಬತ್ತು ದಾಟಿದೆ. ಬಿಪಿ ಇದೆ, ಮೂಳೆ ಟೊಳ್ಳಾಗಿದೆ. ಬಚ್ಚಲಲ್ಲಿ ಒಂದು ಸಲ ಜಾರಿದ ಮೇಲೆ ಭಯ ಹಿಡಿದು ಓಡಾಟವನ್ನೇ ಕಮ್ಮಿ ಮಾಡಿಬಿಟ್ಟಿದ್ದರು. ಓಡಾಟ ಕಮ್ಮಿಯಾದಷ್ಟೂ ಕಾಲು ಸೋಲುತ್ತದೆ, ಕಾಲು ಸೋತಷ್ಟೂ ಭಯ ಜಾಸ್ತಿ.

ಕುರ್ಚಿ ಯೋಗ ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ನಡೆಯುವುದು ಒಂದೇ ಅಲ್ಲ. ಇದಕ್ಕೂ ಮುಂಚೆ ನಾನು ಬೇರೆ ಒಂದು ಕಡೆ ಸೇರಿದ್ದೆ. ದೊಡ್ಡ ಹಾಲ್, ಎಸಿ, ಮೈಕು ಎಲ್ಲ ಇತ್ತು. ಬೇರೆಯವರೆಲ್ಲ ಮ್ಯಾಟ್ ಹಾಸಿ ಸೂರ್ಯ ನಮಸ್ಕಾರ ಮಾಡುತ್ತಿದ್ದರೆ ಮಂಡಿ ನೋವಿನವರಿಗೆ ಗೋಡೆ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ, "ನೀವು ಕೈ ಮಾತ್ರ ಮಾಡಿ ಆಂಟಿ" ಅನ್ನುತ್ತಿದ್ದರು. ಗಂಟೆಗಟ್ಟಲೆ ಕೈ ಮೇಲೆ, ಕೈ ಕೆಳಗೆ. ಯಾರೂ ಹತ್ತಿರ ಬಂದು ನೋಡುತ್ತಿರಲಿಲ್ಲ. ಅಲ್ಲಿ ಕುರ್ಚಿ ಅಂದರೆ ನಿಮ್ಮ ಕೈಲಾಗುವುದಿಲ್ಲ ಅಂತ ಹೇಳುವ ಒಂದು ಮರ್ಯಾದೆಯ ದಾರಿ, ಅಷ್ಟೇ.

ಈಗಿನ ಕ್ಲಾಸಿನಲ್ಲಿ ಕುರ್ಚಿ ಒಂದು ಕಡೆ ನಿಲ್ಲುವುದೇ ಇಲ್ಲ. ಒಮ್ಮೆ ಅದರ ಮೇಲೆ ಕೂರುತ್ತೇವೆ, ಒಮ್ಮೆ ಹಿಂದೆ ನಿಂತು ಬೆನ್ನು ಹಿಡಿಯುತ್ತೇವೆ, ಒಮ್ಮೆ ಪಕ್ಕಕ್ಕಿಟ್ಟು ಅದರ ಮೇಲೆ ಕೈ ಊರುತ್ತೇವೆ, ಕೊನೆಗೆ ನೆಲದ ಮೇಲೆ ಮಲಗಿ ಕಾಲನ್ನು ಅದರ ಮೇಲಿಡುತ್ತೇವೆ. ಹಾಲ್‌ನಲ್ಲಿ ಹದಿನೈದು ಜನ ಇದ್ದರೆ ಹದಿನೈದು ಕುರ್ಚಿಯೂ ಹದಿನೈದು ತರಹ ಇರುತ್ತವೆ. ತ್ರಿಕೋನಾಸನ ಎಲ್ಲರಿಗೂ ಒಂದೇ. ಆದರೆ ನನ್ನ ಕೈ ಎಲ್ಲಿಗೆ ಬರಬೇಕು, ಅತ್ತೆಯ ಕೈ ಎಲ್ಲಿಗೆ ಬರಬೇಕು ಅನ್ನುವುದು ಬೇರೆ ಬೇರೆ. ಬ್ಲೌಸ್ ಹೊಲಿಯುವಾಗ ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕುತ್ತೇವಾ? ಈ ಟೀಚರ್ ಆಸನಕ್ಕೂ ಹಾಗೇ ಅಳತೆ ತೆಗೆಯುತ್ತಾರೆ. ನನಗೆ ಈ ಕ್ಲಾಸು ಹಿಡಿಸಿದ್ದು ಅದಕ್ಕೇ. ಉಳಿದದ್ದೆಲ್ಲ ಆಮೇಲೆ.

ಶುರುವಿನಲ್ಲಿ ಬರೀ ಕೂರುವುದನ್ನೇ ಕಲಿಸಿದರು. ತಾಡಾಸನ ಅಂದರೆ ನೆಟ್ಟಗೆ ನಿಲ್ಲುವುದು ಅಂತ ಎಲ್ಲರಿಗೂ ಗೊತ್ತು. ಅದನ್ನೇ ಕೂತು ಮಾಡಬೇಕು. ಬೆನ್ನು ಕುರ್ಚಿಗೆ ತಾಗದ ಹಾಗೆ ಮುಂದೆ ಸರಿದು ಕೂರಬೇಕು. ಪಾದ ಎರಡೂ ಸೊಂಟದಗಲಕ್ಕೆ, ಬೆರಳು ನೇರ ಮುಂದಕ್ಕೆ. ಮಂಡಿಯ ಕೆಳಗೇ ಹಿಮ್ಮಡಿ ಬರಬೇಕು. ಆಮೇಲೆ ಒಂದೊಂದೇ ಪಿರ್ರೆ ಎತ್ತಿ, ಕೂರುವ ಮೂಳೆ ಎರಡೂ ಹಲಗೆಗೆ ಸಮವಾಗಿ ಒತ್ತುತ್ತಿವೆಯಾ ನೋಡಿಕೊಳ್ಳಬೇಕು. ಪಾದ ನೆಲಕ್ಕೆ ಒತ್ತಿದರೆ ಬೆನ್ನು ತಾನಾಗಿ ಮೇಲಕ್ಕೇಳುತ್ತದೆ. ಎದೆ ಉಬ್ಬಿಸಿ, ಗಲ್ಲ ಎತ್ತಿ ಅಂತೆಲ್ಲ ಹೇಳುವ ಅಗತ್ಯವೇ ಬೀಳುವುದಿಲ್ಲ. ಈಗ ಮಷೀನಿನ ಮುಂದೆಯೂ ಹಾಗೇ ಕೂರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುವುದು ಎಷ್ಟೋ ಕಮ್ಮಿಯಾಗಿದೆ.

ಅತ್ತೆ ಕೂತಾಗ ಅವರ ಹಿಮ್ಮಡಿ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕುರ್ಚಿ ಅಂದರೆ ಸಾಮಾನ್ಯವಾಗಿ 18 ಇಂಚು ಎತ್ತರ, ಅತ್ತೆ ಐದಡಿಗೂ ಕಮ್ಮಿ. ನಾನು ಅದನ್ನು ಗಮನಿಸುವ ಮೊದಲೇ ಟೀಚರ್ ಒಳಗೆ ಹೋಗಿ ಒಂದು ಮಣೆ ತಂದು ಕಾಲ ಕೆಳಗಿಟ್ಟರು. ಊಟಕ್ಕೆ ಕೂರುವ ಹಳೇ ಮರದ ಮಣೆ. ಸೀರೆಯ ನೆರಿಗೆ ಪಾದಕ್ಕೆ ಸಿಗದ ಹಾಗೆ ಸ್ವಲ್ಪ ಮೇಲಕ್ಕೆ ಸಿಕ್ಕಿಸಿ, ಬೆನ್ನ ಕೆಳಭಾಗಕ್ಕೆ ಎರಡು ಬೆರಳು ಇಟ್ಟು, "ಇಲ್ಲಿಂದ ಮೇಲಕ್ಕೆ ಬೆಳೀಬೇಕು ಅಮ್ಮ, ಭುಜದಿಂದಲ್ಲ" ಅಂದರು. ಅತ್ತೆ ಒಂದು ಉಸಿರು ಎಳೆದುಕೊಂಡರು ನೋಡಿ, ಗೂನು ಬಿದ್ದ ಬೆನ್ನು ಎರಡು ಬೆರಳಿನಷ್ಟು ಮೇಲೆ ಬಂತು. ಮನೆಗೆ ಬಂದ ತಕ್ಷಣ, "ಅಟ್ಟದ ಮೇಲಿರೋ ಮಣೆ ಇಳಿಸೇ" ಅಂದರು. ಈಗ ಅದು ಅವರ ಕುರ್ಚಿಯ ಕೆಳಗೇ ಇರುತ್ತದೆ.

ಕ್ಲಾಸಿನ ಗೋಡೆ ಮೇಲೆ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಫೋಟೋ ಇದೆ. ಟೀಚರ್ ಕಲಿತದ್ದು ಅವರ ಪದ್ಧತಿಯಲ್ಲಿ. ಇದನ್ನು ಹೇಳಲೇಬೇಕು, ಯಾಕೆಂದರೆ ಕುರ್ಚಿ ಯೋಗ ಅಂದರೆ ಈಚೆಗೆ ಹೊರದೇಶದಿಂದ ಬಂದದ್ದು ಅಂತ ಸುಮಾರು ಜನ ತಿಳಿದುಕೊಂಡಿದ್ದಾರೆ. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಮೈಯಲ್ಲಿ ಶಕ್ತಿಯೇ ಇರಲಿಲ್ಲ. 1934ರಲ್ಲಿ ಅಕ್ಕನ ಮನೆ ಅಂತ ಮೈಸೂರಿಗೆ ಬಂದರು. ಅವರ ಭಾವ ಬೇರೆ ಯಾರೂ ಅಲ್ಲ, ತಿರುಮಲೈ ಕೃಷ್ಣಮಾಚಾರ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದವರು. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆಸಿದರು. ಕಾಯಿಲೆಯವರು, ವಯಸ್ಸಾದವರು, ಮೈ ಬಗ್ಗದವರೂ ಆಸನ ಮಾಡಬೇಕು ಅಂತ ಹಗ್ಗ, ಬೆಲ್ಟು, ಮರದ ಇಟ್ಟಿಗೆ, ದಿಂಬು, ಮಡಚುವ ಕುರ್ಚಿ ಎಲ್ಲವನ್ನೂ ಬಳಕೆಗೆ ತಂದರು. ಈಗ ಜಗತ್ತಿನಲ್ಲಿ ಎಲ್ಲೇ ಹೋದರೂ ಬೆನ್ನಿನ ತಗಡಿಲ್ಲದ ಆ ಕಬ್ಬಿಣದ ಕುರ್ಚಿಯನ್ನು ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ರೋಗಿಷ್ಠನಾಗಿ ಮೈಸೂರಿಗೆ ಬಂದ ಹುಡುಗ 95 ವರ್ಷ ಬದುಕಿದರು. ನಮ್ಮ ಊರಿನಲ್ಲೇ ಯೋಗ ಕಲಿತವರು ಕುರ್ಚಿಗೆ ಅಷ್ಟು ಮರ್ಯಾದೆ ಕೊಟ್ಟಿರುವಾಗ, ನಾವು ಅದನ್ನು ಕೈಲಾಗದವರ ಯೋಗ ಅಂತ ಯಾಕೆ ಕೀಳಾಗಿ ನೋಡಬೇಕು?

ಇನ್ನು ಆಸನಗಳಿಗೆ ಬರೋಣ. ತ್ರಿಕೋನಾಸನದಲ್ಲಿ ಕೈ ಹಿಮ್ಮಡಿಗೆ ಮುಟ್ಟಬೇಕು ಅಂತ ಟಿವಿಯಲ್ಲಿ ತೋರಿಸುತ್ತಾರೆ. ಮುಟ್ಟಿಸುವುದಕ್ಕೆ ಹೋಗಿ ನಾವು ಎದೆಯನ್ನು ನೆಲದ ಕಡೆ ಮುಚ್ಚಿಬಿಡುತ್ತೇವೆ, ಮಂಡಿ ಒಳಕ್ಕೆ ತಿರುಗುತ್ತದೆ. ಇಲ್ಲಿ ಬಲಗಾಲಿನ ಹೊರಗಡೆ ಕುರ್ಚಿ ಇಟ್ಟು ಅಂಗೈಯನ್ನು ಅದರ ಸೀಟಿನ ಮೇಲೆ ಊರಿಸುತ್ತಾರೆ. ಕೈಗೆ ಆಧಾರ ಸಿಕ್ಕ ಮೇಲೆ ಎದೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಪಕ್ಕೆಲುಬಿನ ಒಂದೊಂದು ಸಂದಿಯೂ ಬಿಚ್ಚಿದ ಹಾಗೆ ಗೊತ್ತಾಗುತ್ತದೆ. ಮಂಡಿ ಚಿಪ್ಪು ಯಾವ ಕಡೆ ನೋಡುತ್ತಿದೆ ಅಂತ ಮೊದಲು ಕೇಳುತ್ತಾರೆ. ಅದು ಪಾದದ ಎರಡನೇ ಬೆರಳಿನ ನೇರಕ್ಕೇ ಇರಬೇಕು. ನನ್ನ ಮಂಡಿಗೆ ಇದೊಂದು ಮಾತು ಮಾಡಿದ ಉಪಕಾರ ಇಷ್ಟಲ್ಲ. ಮೆಟ್ಟಿಲು ಹತ್ತುವಾಗಲೂ ಈಗ ಕಣ್ಣು ಅಲ್ಲಿಗೇ ಹೋಗುತ್ತದೆ. ನಿಲ್ಲಲಾಗದವರಿಗೆ ಇದೇ ಆಸನ ಕೂತು ಮಾಡಿಸುತ್ತಾರೆ. ಕಾಲು ಅಗಲಿಸಿ, ಮೊಣಕೈಯನ್ನು ತೊಡೆಯ ಮೇಲಿಟ್ಟು, ಇನ್ನೊಂದು ಕೈ ಮೇಲಕ್ಕೆ.

ಭರದ್ವಾಜಾಸನ ಹೊಲಿಗೆಯವರು, ಕಂಪ್ಯೂಟರ್ ಮುಂದೆ ಕೂರುವವರು ಎಲ್ಲರೂ ಕಲಿಯಬೇಕಾದದ್ದು. ಕುರ್ಚಿಯ ಮೇಲೆ ಅಡ್ಡಡ್ಡ ಕೂರಬೇಕು, ಅಂದರೆ ಕುರ್ಚಿಯ ಬೆನ್ನು ನಮ್ಮ ಪಕ್ಕಕ್ಕೆ ಬರಬೇಕು. ಎರಡೂ ಕೈಯಲ್ಲಿ ಅದನ್ನು ಹಿಡಿದು, ಉಸಿರು ಎಳೆದಾಗ ಉದ್ದವಾಗಿ, ಬಿಟ್ಟಾಗ ತಿರುಗಬೇಕು. ಮಂಡಿ ಎರಡೂ ಜೋಡಿಯಾಗಿಯೇ ಇರಬೇಕು. ಒಂದು ಮುಂದೆ ಹೋದರೆ ಸೊಂಟ ತಿರುಗಿತು, ಬೆನ್ನು ತಿರುಗಲಿಲ್ಲ ಅಂತ ಲೆಕ್ಕ. ಅದಕ್ಕೇ ಮಂಡಿಗಳ ಮಧ್ಯೆ ಒಂದು ಹಳೇ ಪುಸ್ತಕ ಇಡಿಸುತ್ತಾರೆ. ಮೊದಲು ಹೊಟ್ಟೆ, ಆಮೇಲೆ ಎದೆ, ಆಮೇಲೆ ಭುಜ. ಕುತ್ತಿಗೆ ಕೊನೆಗೆ. ಅತ್ತೆಗೆ ಮಾತ್ರ ಇದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಮೂಳೆ ಟೊಳ್ಳಾದವರು ಜೋರಾಗಿ ತಿರುಚುವುದು, ಬೆನ್ನು ಗುಂಡಗೆ ಮಾಡಿ ಮುಂದಕ್ಕೆ ಬಗ್ಗುವುದು ಮಾಡಬಾರದು, ಬೆನ್ನುಮೂಳೆ ಬಿರುಕು ಬಿಡಬಹುದು. ಸೇರುವ ದಿನವೇ ಯಾರಿಗೆ ಏನಿದೆ ಅಂತ ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದರು. ಅದನ್ನು ಕ್ಲಾಸಿಗೆ ಮುಂಚೆ ಒಮ್ಮೆ ತಿರುವಿ ಹಾಕುತ್ತಾರೆ.

ಬಗ್ಗುವ ಆಸನಗಳಲ್ಲೂ ಇದೇ ಎಚ್ಚರ. ಉತ್ತಾನಾಸನ ಅಂದರೆ ನಿಂತು ಮುಂದಕ್ಕೆ ಬಗ್ಗುವುದು, ಅದನ್ನು ಪೂರ್ತಿ ಬಗ್ಗಿ ಮಾಡುವುದಿಲ್ಲ. ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟು, ಅದರ ಬೆನ್ನಿನ ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಬೇಕು. ಸೊಂಟ ಪಾದದ ಮೇಲೇ ಬಂದಾಗ ನಿಲ್ಲಬೇಕು. ಬೆನ್ನು ಮೇಜಿನ ಹಲಗೆಯಂತೆ ಸಪಾಟಾಗುತ್ತದೆ. ತಲೆ ಕೈಗಳ ಮಧ್ಯೆಯೇ ಇರುತ್ತದೆ, ಕೆಳಗೆ ಜೋತು ಬೀಳುವುದಿಲ್ಲ. ಬಿಪಿ ಇರುವವರು, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರು ತಲೆಯನ್ನು ಎದೆಗಿಂತ ಕೆಳಗೆ ತರಬಾರದು ಅಂತ ಪ್ರತಿ ಸಲವೂ ಹೇಳುತ್ತಾರೆ. ನಾಯಿ ಮೈಮುರಿದ ಹಾಗೆ ಬಗ್ಗುವ ಅಧೋಮುಖ ಶ್ವಾನಾಸನವನ್ನೂ ಹೀಗೆ ಸೀಟಿನ ಮೇಲೆ ಕೈ ಇಟ್ಟು ಮಾಡುತ್ತೇವೆ. ನೆಲದ ಮೇಲೆ ಮಾಡಿದರೆ ಮಣಿಕಟ್ಟಿಗೆ ಬೀಳುವ ಭಾರ ಇಲ್ಲಿ ಇರುವುದಿಲ್ಲ. ದಿನವಿಡೀ ಕತ್ತರಿ ಹಿಡಿಯುವ ನನ್ನ ಕೈಗೆ ಅದು ದೊಡ್ಡ ಸಮಾಧಾನ.

ವೀರಭದ್ರಾಸನಕ್ಕೆ ಸೀರೆ ಒಂದು ತೊಡಕು. ಕುರ್ಚಿಯ ಒಂದು ಪಕ್ಕಕ್ಕೆ ಕಾಲು ಅಗಲಿಸಿ ಕೂತು, ಬಲ ತೊಡೆಯ ಭಾರ ಪೂರ್ತಿ ಸೀಟಿಗೆ ಬಿಟ್ಟು, ಎಡಗಾಲು ಹಿಂದಕ್ಕೆ ಉದ್ದ ಚಾಚಬೇಕು. ತೊಡೆಗೆ ಆಧಾರ ಇರುವುದರಿಂದ ಮಂಡಿ ನಡುಗುವುದಿಲ್ಲ, ಹಾಗಾಗಿ ಜಾಸ್ತಿ ಹೊತ್ತು ನಿಲ್ಲಬಹುದು. ಸೀರೆಯವರಿಗೆ ಇದು ಆಗುವುದಿಲ್ಲ ಅಂತ ಬಿಟ್ಟುಬಿಡದೆ, ಚೂಡಿದಾರ್ ಪ್ಯಾಂಟ್ ಹಾಕಿಕೊಂಡು ಅದರ ಮೇಲೆ ಸೀರೆ ಸುತ್ತಿಕೊಂಡು ಬನ್ನಿ ಅಂದರು. ಕ್ಲಾಸಿನ ಅಜ್ಜಿಯರಿಗೆಲ್ಲ ಕಾಟನ್ ಪ್ಯಾಂಟ್ ಹೊಲಿದುಕೊಟ್ಟದ್ದು ನಾನೇ. ಸೊಂಟಕ್ಕೆ ಎಲಾಸ್ಟಿಕ್, ಕಾಲಿಗೆ ಸಡಿಲ, ಕೆಳಗೆ ಎಡವದ ಹಾಗೆ ಹಿಮ್ಮಡಿಗಿಂತ ಮೇಲೆ. ಯೋಗಕ್ಕೆ ಅಂತ ಮೈಗಂಟುವ ದುಬಾರಿ ಪ್ಯಾಂಟ್ ಏನೂ ಬೇಕಾಗಿಲ್ಲ.

ವೃಕ್ಷಾಸನವನ್ನು ಕುರ್ಚಿಯ ಹಿಂದೆ ನಿಂತು ಮಾಡಿಸುತ್ತಾರೆ. ಒಂದು ಕೈ ಕಂಬಿಯ ಮೇಲೆ. ಎತ್ತುವ ಕಾಲನ್ನು ತೊಡೆಗೆ ತರಬೇಕಾಗಿಲ್ಲ. ಹೆಬ್ಬೆರಳು ನೆಲದಲ್ಲೇ ಇಟ್ಟು ಹಿಮ್ಮಡಿಯನ್ನು ಇನ್ನೊಂದು ಕಾಲಿನ ಗಿಣ್ಣಿಗೆ ಒರಗಿಸಿದರೂ ಅದು ವೃಕ್ಷಾಸನವೇ. ಮಂಡಿಯ ಮೇಲೆ ಮಾತ್ರ ಪಾದ ಇಡಬಾರದು, ಪಕ್ಕದಿಂದ ಬೀಳುವ ಒತ್ತಡ ಮಂಡಿಗೆ ಒಳ್ಳೆಯದಲ್ಲ. ಮೊದಲು ಇಡೀ ಕೈ ಹಿಡಿತ, ಆಮೇಲೆ ಎರಡು ಬೆರಳು, ಆಮೇಲೆ ಒಂದು ಬೆರಳು. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನಕ್ಕೆ, ಶಕ್ತಿಗೆ ಅಂತ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಬೀಳುವುದನ್ನು ತಪ್ಪಿಸುವುದಕ್ಕೆ. ಕ್ಲಾಸು ವಾರಕ್ಕೆ ಮೂರು ದಿನ ಇರುವುದೂ ಆ ಲೆಕ್ಕದಲ್ಲೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉತ್ಕಟಾಸನ. ಹೆಸರು ಕೇಳಿ ಹೆದರಬೇಡಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೈ ಊರದೆ ಕೂರುವುದು, ಅಷ್ಟೇ. ಪಾದವನ್ನು ಸ್ವಲ್ಪ ಹಿಂದಕ್ಕೆಳೆದು, ಎದೆಯನ್ನು ಮುಂದಕ್ಕೆ ತಂದು, ಹಿಮ್ಮಡಿ ಒತ್ತಿ ಏಳಬೇಕು. ಕೂರುವಾಗ ಧೊಪ್ಪಂತ ಬೀಳದೆ ನಿಧಾನವಾಗಿ ಇಳಿಯಬೇಕು. ಕಷ್ಟ ಇರುವುದು ಇಳಿಯುವುದರಲ್ಲೇ. ವಯಸ್ಸಾದವರ ಕಾಲಿನ ಶಕ್ತಿ ನೋಡುವುದಕ್ಕೆ ಆಸ್ಪತ್ರೆಗಳಲ್ಲೂ ಇದನ್ನೇ ಮಾಡಿಸುತ್ತಾರೆ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಅಂತ ಎಣಿಸುತ್ತಾರೆ. ಅತ್ತೆಗೆ ಮೊದಲು ಇದು ಆಗಲೇ ಇಲ್ಲ. ಟೀಚರ್ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿ ಎತ್ತರ ಮಾಡಿಕೊಟ್ಟರು. ವಾರ ಕಳೆದ ಹಾಗೆ ಒಂದೊಂದೇ ಮಡಿಕೆ ತೆಗೆದರು. ಈಗ ಅತ್ತೆ ಕಮೋಡಿನಿಂದ ಏಳುವಾಗ ನಲ್ಲಿ ಹಿಡಿದುಕೊಳ್ಳುವುದಿಲ್ಲ. "ನಂಗೆ ಯಾರೂ ಬಾಗಿಲ ಹೊರಗೆ ಕಾಯೋದು ಬೇಡ ಕಣೇ" ಅಂದ ದಿನ ನನಗಾದ ಖುಷಿ ಹೇಳತೀರದು. ಈ ಕ್ಲಾಸಿಗೆ ಕೊಟ್ಟ ಅಷ್ಟೂ ದುಡ್ಡು ಆ ಒಂದು ಮಾತಿಗೇ ಸಂದಿತು.

ಇನ್ನೊಂದು ವಿಷಯ ಬೇರೆಲ್ಲೂ ಕಲಿಸಿದ್ದನ್ನು ನಾನು ನೋಡಿಲ್ಲ. ನೆಲಕ್ಕೆ ಇಳಿಯುವುದು, ನೆಲದಿಂದ ಏಳುವುದು. ಕುರ್ಚಿಯ ಎದುರು ನಿಂತು ಸೀಟಿನ ಮೇಲೆ ಎರಡೂ ಕೈ ಊರಿ, ಒಂದು ಮಂಡಿ ಮೆತ್ತನೆ ಕಂಬಳಿಯ ಮೇಲಿಟ್ಟು, ಆಮೇಲೆ ಇನ್ನೊಂದು. ಅಲ್ಲಿಂದ ಪಕ್ಕಕ್ಕೆ ಸೊಂಟ ಇಳಿಸಿ ಮಲಗುವುದು. ಏಳುವಾಗ ಮಗ್ಗುಲಾಗಿ, ಅಂಬೆಗಾಲಿನಲ್ಲಿ ಕುರ್ಚಿಯ ಹತ್ತಿರ ಬಂದು, ಗಟ್ಟಿ ಇರುವ ಕಾಲಿನ ಪಾದ ಮುಂದಿಟ್ಟು, ಕೈ ಒತ್ತಿ ಏಳುವುದು. ಮನೆಯಲ್ಲಿ ಒಬ್ಬರೇ ಇದ್ದಾಗ ಬಿದ್ದರೆ ಏನು ಮಾಡಬೇಕು ಅನ್ನುವ ಭಯಕ್ಕೆ ಇದು ಉತ್ತರ. ಬಿದ್ದು ಪೆಟ್ಟಾಗಿದ್ದರೆ ಅಲ್ಲಾಡದೆ ಕೂಗಬೇಕು, ಪೆಟ್ಟಾಗಿಲ್ಲ ಅನ್ನಿಸಿದರೆ ಮಾತ್ರ ಹೀಗೆ ಏಳಬೇಕು ಅಂತಲೂ ಹೇಳಿಕೊಟ್ಟಿದ್ದಾರೆ. ಮಂಡಿ ಬದಲಾಯಿಸಿಕೊಂಡವರಿಗೆ ಮಂಡಿಯೂರುವುದನ್ನು ಮಾಡಿಸುವುದಿಲ್ಲ. ಅವರ ಫಿಸಿಯೋಥೆರಪಿಸ್ಟ್ ಏನು ಹೇಳಿದ್ದಾರೋ ಅದೇ ನಡೆಯುತ್ತದೆ.

ಕೊನೆಗೆ ಶವಾಸನ. ಮೀನಖಂಡ ಪೂರ್ತಿ ಕುರ್ಚಿ ಸೀಟಿನ ಮೇಲಿಟ್ಟು, ಬೆನ್ನು ನೆಲಕ್ಕೆ ಬಿಟ್ಟು ಮಲಗುತ್ತೇವೆ. ಸೊಂಟ ನೋವಿನವರಿಗೆ ಇದು ಸ್ವರ್ಗ. ನೆಲಕ್ಕೆ ಇಳಿಯದವರು ಕುರ್ಚಿಯಲ್ಲೇ ದಿಂಬಿಗೆ ಒರಗಿ, ಎದುರಿಗೆ ಇನ್ನೊಂದು ಕುರ್ಚಿ ಹಾಕಿ ಕಾಲು ಚಾಚುತ್ತಾರೆ. ಆಮೇಲೆ ಭ್ರಾಮರಿ, ನಾಡಿಶೋಧನ ಅನ್ನುವ ಪ್ರಾಣಾಯಾಮಗಳು. ಬಿಪಿಯವರಿಗೆ ಉಸಿರು ಕಟ್ಟಿ ಹಿಡಿಯುವುದು ಇಲ್ಲ, ಜೋರಾಗಿ ಉಸಿರು ಹೊರಹಾಕುವ ಕಪಾಲಭಾತಿ ಇಲ್ಲ.

ಕುರ್ಚಿ ಯಾವುದು ತಗೋಬೇಕು ಅಂತ ತುಂಬಾ ಜನ ಕೇಳುತ್ತಾರೆ. ಕ್ಲಾಸಿನಲ್ಲಿ ಇರುವುದು ಕಬ್ಬಿಣದ ಮಡಚುವ ಕುರ್ಚಿ. ಬೆನ್ನಿನ ತಗಡು ಇರುವುದಿಲ್ಲ, ಚೌಕಟ್ಟು ಮಾತ್ರ. ಹಿಂದುಮುಂದಾಗಿ ಕೂತು ಕಾಲನ್ನು ಅದರೊಳಗೆ ತೂರಿಸಬಹುದು, ಅದಕ್ಕೇ ಹಾಗಿರುವುದು. ನಾನು ಆನ್‌ಲೈನ್‌ನಲ್ಲಿ ತರಿಸಿದೆ. ಎರಡು ಸಾವಿರದ ಮೇಲೆ ಸ್ವಲ್ಪ ಆಯ್ತು. ಬಂದ ಕುರ್ಚಿಯ ಒಂದು ಕಾಲು ಗಿಡ್ಡ, ಕೂತರೆ ಅಲ್ಲಾಡುತ್ತಿತ್ತು. ಬದಲಾಯಿಸಿ ಕೊಡುವುದಕ್ಕೆ ತಿಂಗಳು ಹಿಡಿಸಿದರು. ಎರಡನೆಯದು ಚೆನ್ನಾಗಿದೆ. ತಗೊಳ್ಳುವಾಗ ನಾಲ್ಕು ಕಾಲಿಗೂ ರಬ್ಬರ್ ಬುಷ್ ಗಟ್ಟಿಯಾಗಿ ಕೂತಿದೆಯಾ, ಮುಂದೆ ಹಿಂದೆ ಎರಡೂ ಕಡೆ ಅಡ್ಡ ಕಂಬಿ ಇದೆಯಾ, ವೆಲ್ಡಿಂಗ್ ಜಾಗದಲ್ಲಿ ಬಟ್ಟೆಗೆ ಸಿಕ್ಕುವ ಚೂಪು ಉಳಿದಿದೆಯಾ ನೋಡಿ. ಮಡಚುವಾಗ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ, ಅಜ್ಜಿಯರ ಕೈಗೆ ಆ ಕೆಲಸ ಕೊಡಬೇಡಿ. ಕ್ಲಾಸಿನ ಒಬ್ಬರು, ಬಸ್ ಓಡಿಸಿ ರಿಟೈರ್ ಆದವರು, ಹಳೇ ಮಡಚುವ ಕುರ್ಚಿಯನ್ನೇ ವೆಲ್ಡಿಂಗ್ ಶಾಪಿಗೆ ಕೊಟ್ಟು ಬೆನ್ನಿನ ತಗಡು ತೆಗೆಸಿಕೊಂಡು ಬಂದರು. ಅದೂ ಚೆನ್ನಾಗಿ ನಡೆಯುತ್ತಿದೆ. ಅಡ್ಡ ಕಂಬಿಗೆ ಮಾತ್ರ ಕೈ ಹಾಕಿಸಬಾರದು, ಕುರ್ಚಿಯ ಗಟ್ಟಿತನ ಇರುವುದೇ ಅದರಲ್ಲಿ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಮನೆಯ ಊಟದ ಮೇಜಿನ ಮರದ ಕುರ್ಚಿ ಸಾಕು. ಚಕ್ರ ಇರಬಾರದು, ಕೂತರೆ ಕುಸಿಯುವ ಕುಶನ್ ಇರಬಾರದು. ಕೈ ಇರುವ ಕುರ್ಚಿಯಲ್ಲಿ ಅಡ್ಡ ಕೂರಲಾಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಪಕ್ಕಕ್ಕೆ ವಾಲಿದರೆ ಕಾಲು ಅಗಲಿಸಿಕೊಂಡು ಜಾರುತ್ತದೆ. ಯಾವ ಕುರ್ಚಿಯೇ ಆದರೂ ಟೈಲ್ಸ್ ನೆಲದ ಮೇಲೆ ಹಾಗೇ ಇಡಬೇಡಿ, ಕೆಳಗೆ ಮ್ಯಾಟ್ ಹಾಸಿ ಗೋಡೆಗೆ ತಾಗಿಸಿ.

ಇನ್ನು ಕ್ಲಾಸಿನಲ್ಲಿ ಸರಿಯಿಲ್ಲದ್ದನ್ನೂ ಹೇಳಬೇಕು. ಹಾಲ್ ಇರುವುದು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮಂಡಿ ನೋವಿನವರ ಕ್ಲಾಸಿಗೆ ಹದಿನೆಂಟು ಮೆಟ್ಟಿಲು ಹತ್ತಿ ಹೋಗಬೇಕು. ಹಿಡಿದುಕೊಳ್ಳುವುದಕ್ಕೆ ಒಂದೇ ಕಡೆ ಕಂಬಿ ಇದೆ. ಅದೇ ಕಾರಣಕ್ಕೆ ಬರುವುದನ್ನು ಬಿಟ್ಟವರಿದ್ದಾರೆ, ನನಗೆ ಅವರನ್ನು ನೆನೆದು ಬೇಜಾರಾಗುತ್ತದೆ. ಟಾಯ್ಲೆಟ್ಟು ಕೆಳಗಡೆ, ಅದೂ ಇಂಡಿಯನ್. ಇಂಥ ಕ್ಲಾಸಿಗೆ ಇದು ಸಣ್ಣ ವಿಷಯ ಅಲ್ಲ. ಕಟ್ಟಡದವರಿಗೆ ಹೇಳಿದ್ದೇವೆ, ಮಾಡಿಸಿಕೊಡುತ್ತೇವೆ ಅನ್ನುತ್ತಲೇ ಇದ್ದಾರೆ. ಸಮಯ ಬೆಳಿಗ್ಗೆ ಹತ್ತೂವರೆ. ಕೆಲಸಕ್ಕೆ ಹೋಗುವವರಿಗೆ ಆಗುವುದಿಲ್ಲ. ಶನಿವಾರ ಜನ ಜಾಸ್ತಿಯಾಗಿ ಒಬ್ಬೊಬ್ಬರನ್ನೇ ನೋಡುವುದಕ್ಕೆ ಟೀಚರ್‌ಗೆ ಸಮಯ ಸಿಗುವುದಿಲ್ಲ, ಹೊಸಬರು ಶನಿವಾರ ಶುರು ಮಾಡದಿರುವುದು ಒಳ್ಳೆಯದು. ಮಳೆಗಾಲದಲ್ಲಿ ಆನ್‌ಲೈನ್ ಕ್ಲಾಸು ಇಟ್ಟಿದ್ದರು. ಹಳಬರಿಗೆ ಅಡ್ಡಿಯಿಲ್ಲ. ಹೊಸಬರಿಗೆ ಅದು ಬೇಡ ಅಂತಲೇ ಹೇಳುತ್ತೇನೆ. ಫೋನಿನಲ್ಲಿ ನಮ್ಮ ಮುಖ ಕಾಣುತ್ತದೆ, ಪಾದ ಕಾಣುವುದಿಲ್ಲ. ಇಲ್ಲಿ ತಿದ್ದುವುದೆಲ್ಲ ಪಾದದಿಂದಲೇ ಶುರುವಾಗುತ್ತದೆ.

ಫೀಸು ತಿಂಗಳಿಗೆ ಎಂಟುನೂರು. ಒಂದೇ ಮನೆಯಿಂದ ಇಬ್ಬರು ಬಂದರೆ ಸ್ವಲ್ಪ ಕಮ್ಮಿ ಮಾಡುತ್ತಾರೆ. ಕುರ್ಚಿ, ಕಂಬಳಿ, ಬೆಲ್ಟು ಅಲ್ಲೇ ಕೊಡುತ್ತಾರೆ, ನಾವು ತರಬೇಕಾದದ್ದು ಒಂದು ಟವೆಲ್ಲು, ನೀರು. ಭುಜ ಹಿಡಿದಿರುವವರು ಆ ಟವೆಲ್ಲನ್ನೇ ಎರಡೂ ಕೈಯಲ್ಲಿ ಹಿಡಿದು ಕೈ ಎತ್ತುತ್ತಾರೆ.

ನನ್ನ ಎಕ್ಸ್‌ರೇ ಬದಲಾಗಿಲ್ಲ, ಸವೆದದ್ದು ಸವೆದದ್ದೇ. ಯೋಗದಿಂದ ಮಂಡಿ ಮತ್ತೆ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಟೀಚರ್ ಹಾಗೆ ಒಂದು ದಿನವೂ ಹೇಳಿಲ್ಲ. ತೊಡೆಯ ಸ್ನಾಯು ಗಟ್ಟಿಯಾಗಿದೆ, ಹಾಗಾಗಿ ಮಂಡಿಗೆ ಬೀಳುವ ಭಾರ ಹಂಚಿಹೋಗುತ್ತದೆ. ಬಟ್ಟೆ ತರುವುದಕ್ಕೆ ದೇವರಾಜ ಅರಸು ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಓಡಾಡಿ ಬಂದರೂ ರಾತ್ರಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂರುವುದು ತಪ್ಪಿದೆ. ಎದೆನೋವು ಇರುವವರು, ಈಚೆಗೆ ಆಪರೇಷನ್ ಆದವರು, ತಲೆ ಸುತ್ತು ಬರುವವರು ಡಾಕ್ಟರನ್ನು ಕೇಳಿಯೇ ಸೇರಿ. ಸ್ನಾಯು ಎಳೆದ ಹಾಗಾದರೆ ಪರವಾಗಿಲ್ಲ, ಕೀಲಿನೊಳಗೆ ಚುಚ್ಚಿದರೆ ಅಲ್ಲೇ ನಿಲ್ಲಿಸಿ ಹೇಳಿ.

ಬೇರೆ ಕಡೆ ಕ್ಲಾಸು ಹುಡುಕುವವರು ಸೇರುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ನಿಮಗೆ ಯಾವ ಕಾಯಿಲೆ ಇದೆ, ಯಾವ ಮಾತ್ರೆ ತಗೋತೀರಿ ಅಂತ ಟೀಚರ್ ತಾವಾಗಿ ಕೇಳುತ್ತಾರಾ? ಕ್ಲಾಸು ನಡೆಯುವಾಗ ತಮ್ಮ ಜಾಗ ಬಿಟ್ಟು ಓಡಾಡುತ್ತಾರಾ? ಕುರ್ಚಿಯವರನ್ನು ಒಮ್ಮೆಯಾದರೂ ಕುರ್ಚಿಯಿಂದ ಎಬ್ಬಿಸುತ್ತಾರಾ? ಮೂರಕ್ಕೂ ಹೌದು ಅಂತಾದರೆ ದುಡ್ಡು ಕಟ್ಟಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹೋಗುವ ಎರಡು ಗಂಟೆ ಮುಂಚೆಯೇ ತಿಂಡಿ ಮುಗಿಸಿರಲಿ. ಆದರೆ ಸಕ್ಕರೆ ಕಾಯಿಲೆಯವರು ಹೊಟ್ಟೆ ಖಾಲಿ ಬಿಟ್ಟುಕೊಂಡು ಹೋಗುವುದು ಬೇಡ, ಬ್ಯಾಗಿನಲ್ಲಿ ಒಂದೆರಡು ಬಿಸ್ಕತ್ತು ಇಟ್ಟುಕೊಂಡಿರಿ.